ನಡೆಯದ ಏಳು ಪಾಸ್‌ಗಳು

2023ರ ನವೆಂಬರ್‌ನ ಒಂದು ಭಾನುವಾರ ಮೆಲ್ಬರ್ನ್‌ನಲ್ಲಿ ನಡೆದ ಫುಟ್‌ಬಾಲ್ ಪಂದ್ಯದ ಮೊದಲಾರ್ಧದಲ್ಲಿ, ಒಬ್ಬ ಪೋರ್ಚುಗೀಸ್ ಮಿಡ್‌ಫೀಲ್ಡರ್ ಎಡ ಅಂಚಿನ ಆಟಗಾರನಿಗೆ ಏಳು ಉದ್ದ ಪಾಸ್ ಕೊಟ್ಟನೆಂದು ನಾನು ದಾಖಲಿಸಿದೆ. ಆ ಏಳರಲ್ಲಿ ಒಂದೂ ನಡೆದಿರಲಿಲ್ಲ.

ಇದು ನನ್ನ ಕಣ್ಣಿನ ಕಾಯಿಲೆಯ ಬಗ್ಗೆ ಬರೆದದ್ದು. ಆದರೆ ಅವನ ಆಟವನ್ನು ಬಿಟ್ಟು ಬರೆಯಲು ಬರುವುದಿಲ್ಲ, ಯಾಕೆಂದರೆ ಕಾಯಿಲೆ ಗೊತ್ತಾದದ್ದೇ ಅವನ ಆಟದಿಂದ. ಅವನನ್ನು ಇಲ್ಲಿ ಅಮಾರೊ ಎಂದು ಕರೆಯುತ್ತೇನೆ. ಅದು ಅವನ ಹೆಸರಲ್ಲ.

ನಾನು ಮೊದಲು ಧಾರವಾಡ ಕಡೆಯ ಒಂದು ಪತ್ರಿಕೆಯ ಕ್ರೀಡಾ ಪುಟದಲ್ಲಿ ಉಪಸಂಪಾದಕಿಯಾಗಿದ್ದೆ. ಗಂಡ ಗಿರೀಶನ ವೀಸಾದ ಮೇಲೆ ಸಿಡ್ನಿಗೆ ಬಂದೆ. ಪತ್ರಿಕೆಯ ಕೆಲಸ ಇಲ್ಲಿ ಸಿಗಲಿಲ್ಲ. ಪಂದ್ಯಗಳ ಲೆಕ್ಕ ಇಡುವ ಒಂದು ಕಂಪನಿಯಲ್ಲಿ ಟ್ಯಾಗಿಂಗ್ ಕೆಲಸ ಸಿಕ್ಕಿತು. ಪಂದ್ಯ ನಡೆಯುತ್ತಿರುವಾಗಲೇ ಪರದೆ ನೋಡುತ್ತ, ನಮಗೆ ಒಪ್ಪಿಸಿದ ಆಟಗಾರ ಚೆಂಡು ಮುಟ್ಟಿದಾಗಲೆಲ್ಲ ಒಂದು ಕೀ ಒತ್ತಬೇಕು. ಪಕ್ಕದ ಪರದೆಯಲ್ಲಿ ಮೈದಾನದ ನಕ್ಷೆ ಇರುತ್ತದೆ. ಪಾಸ್ ಎಲ್ಲಿಗೆ ಹೋಯಿತೋ ಅಲ್ಲಿ ಕ್ಲಿಕ್ ಮಾಡಬೇಕು. ಚೆಂಡು ಕಾಯುವುದಿಲ್ಲ. ಹಾಗಾಗಿ ಪಳಗಿದ ಟ್ಯಾಗರ್‌ಗಳ ಕೈ ಚೆಂಡಿಗಿಂತ ಮೊದಲೇ ಹೊರಟಿರುತ್ತದೆ. ಆಟಗಾರನ ಭುಜ ತಿರುಗಿದ ರೀತಿ ನೋಡಿ ಪಾಸ್ ಎಲ್ಲಿಗೆಂದು ಊಹಿಸುತ್ತೇವೆ, ನಂತರ ಕಣ್ಣಂಚಿನಲ್ಲಿ ಖಾತ್ರಿ ಮಾಡಿಕೊಳ್ಳುತ್ತೇವೆ. ಹೊಸಬರಿಗೆ ಇದನ್ನು ಕಲಿಯಲು ಒಂದು ಸೀಸನ್ ಬೇಕು.

ಸಿಡ್ನಿಯಲ್ಲಿ ನನಗೆ ಒಪ್ಪಿಸಿದವನು ಅಮಾರೊ. ಅಷ್ಟು ದೂರದಿಂದ ಬಂದವನಾದರೂ ಹೆಸರುವಾಸಿ ಆಟಗಾರನಲ್ಲ. ಅವನ ದೇಶದ ದೊಡ್ಡ ಕ್ಲಬ್ ಒಂದರಲ್ಲಿ ಹುಡುಗನಾಗಿದ್ದಾಗ ತರಬೇತಿ ಪಡೆದ. ಮುಖ್ಯ ತಂಡದಲ್ಲಿ ಒಂದು ಪಂದ್ಯವನ್ನೂ ಆಡದೆ ಹೊರಬಿದ್ದ. ಅಲ್ಲಿಯೇ ಎರಡನೇ ದರ್ಜೆಯ ಲೀಗ್, ಆಮೇಲೆ ಸೈಪ್ರಸ್, ರೊಮೇನಿಯಾ, ಮೂವತ್ತು ದಾಟಿದ ಮೇಲೆ ಸಿಡ್ನಿ. ಗೋಲು ಹೊಡೆಯುವುದು ಅವನ ಕೆಲಸವಲ್ಲ. ಚೆಂಡು ತನ್ನ ಬಳಿ ಬರುವ ಮೊದಲೇ ಒಮ್ಮೆ ಬಲಭುಜದ ಹಿಂದೆ, ಒಮ್ಮೆ ಎಡಭುಜದ ಹಿಂದೆ ನೋಡಿಟ್ಟುಕೊಳ್ಳುತ್ತಿದ್ದ. ಚೆಂಡು ಬಂದಾಗ ತಲೆ ಎತ್ತುತ್ತಲೇ ಇರಲಿಲ್ಲ. ಎಡ ಅಂಚಿನಲ್ಲಿ ಒಬ್ಬ ವೇಗದ ಹುಡುಗನಿದ್ದ. ಅವನಿಗೆ ಉದ್ದಕ್ಕೆ ಕೊಡುತ್ತಿದ್ದ. ನಾಲ್ಕು ಸೀಸನ್ ನಾನು ಅದನ್ನೇ ದಾಖಲಿಸಿದೆ. ನನ್ನ ದಾಖಲೆಯಲ್ಲಿ ತಪ್ಪು ತೀರಾ ಕಡಿಮೆ ಎಂದು ಕಂಪನಿಯಲ್ಲಿ ಹೆಸರಿತ್ತು.

ಗಿರೀಶನಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿ ನಾವು ಅದರ ಹೊರವಲಯದ ಕ್ರಾನ್‌ಬರ್ನ್‌ಗೆ ಮನೆ ಬದಲಿಸಿದ ವರ್ಷವೇ ಅಮಾರೊನೂ ಮೆಲ್ಬರ್ನ್‌ನ ಒಂದು ಕ್ಲಬ್‌ಗೆ ಬಂದ. ಅವನನ್ನು ಬಲ್ಲವಳೆಂದು ಕಂಪನಿಯ ಇಲ್ಲಿನ ಕಚೇರಿಯಲ್ಲೂ ಅವನನ್ನು ನನಗೇ ಒಪ್ಪಿಸಿದರು.

ಭಾನುವಾರದ ಪಂದ್ಯದ ಮರುದಿನ ಶಿಫ್ಟ್ ಲೀಡ್ ರವೂಫ್ ತನ್ನ ಮೇಜಿಗೆ ಕರೆದ. ಮಂಗಳೂರಿನವನು, ಓದಲು ಬಂದು, ಕಾಯಂ ವಾಸದ ಪಿಆರ್ ಪಡೆದು ಇಲ್ಲೇ ನಿಂತವನು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವನು.

"ಎಂತ ಅಕ್ಕ ಇದು? ಅಮಾರೊನ ಏಜೆಂಟ್ ಏನಾದ್ರೂ ಊಟ ಹಾಕಿಸಿದ್ನಾ ನಿಮಗೆ? ಕೊಡದ ಪಾಸನ್ನೆಲ್ಲ ಕೊಟ್ಟ ಅಂತ ಬರ್ದಿದ್ದೀರಿ!"

ವಿಡಿಯೊ ಹಾಕಿದ. ಅಮಾರೊ ಹಳೆಯ ಹಾಗೆಯೇ ಎಡಕ್ಕೆ ಭುಜ ತಿರುಗಿಸಿದ್ದ. ಚೆಂಡು ಪರದೆಯ ಮೇಲ್ಭಾಗದತ್ತ ಹೊರಟದ್ದೂ ನಿಜ. ಆದರೆ ಅದು ಹೋದದ್ದು ಹತ್ತಿರದಲ್ಲೇ ನಿಂತಿದ್ದ ತನ್ನದೇ ತಂಡದ ಡಿಫೆಂಡರ್‌ನ ಕಾಲಿಗೆ. ದೂರದ ಅಂಚಿಗೆ ಅಲ್ಲ.

"ಎಲ್ಲ ಫಸ್ಟ್ ಹಾಫ್‌ನಲ್ಲೇ. ಸೆಕೆಂಡ್ ಹಾಫ್ ನೋಡಿ, ಕ್ಲೀನ್. ಅದೇ ನಂಗೆ ಅರ್ಥ ಆಗ್ಲಿಲ್ಲ," ಎಂದ ರವೂಫ್.

ಮೊದಲಾರ್ಧದಲ್ಲಿ ಅವನ ತಂಡದ ಎಡ ಅಂಚು ಪರದೆಯ ಮೇಲ್ಗಡೆ ಇತ್ತು. ವಿರಾಮದ ನಂತರ ತಂಡಗಳು ಬದಿ ಬದಲಿಸಿದಾಗ ಅದು ಕೆಳಗೆ ಬಂದಿತ್ತು. ಇದನ್ನು ನಾನೇ ಹೇಳಿದೆ. ರವೂಫ್ ಮತ್ತೆ ಮೊದಲಾರ್ಧ ಹಾಕಿದ. ಆಮೇಲೆ ವಿಡಿಯೊ ನಿಲ್ಲಿಸಿ, ಅಮಾರೊನ ಮೇಲೆ ಬೆರಳಿಟ್ಟ.

"ಇವನನ್ನೇ ನೋಡಿ. ಕಣ್ಣು ಆಚೀಚೆ ಮಾಡ್ಬೇಡಿ. ನೋಡ್ತಾ ಇದ್ದೀರಾ? ನನ್ನ ಕೈ ಕಾಣ್ತದಾ?"

"ಯಾವ ಕೈ?"

ಕಣ್ಣೆತ್ತಿದೆ. ಅವನ ಇನ್ನೊಂದು ಕೈ ಮಾನಿಟರ್‌ನ ಮೇಲಂಚಿನ ಹತ್ತಿರವೇ, ಅಗಲಿಸಿದ ಐದು ಬೆರಳುಗಳೊಂದಿಗೆ ಆಡುತ್ತಿತ್ತು. ರವೂಫ್ ನಗುವುದನ್ನು ನಿಲ್ಲಿಸಿದ್ದ.

ಅಲ್ಲಿ ನನಗೆ ಕಪ್ಪು ಕಾಣುತ್ತಿತ್ತೆಂದು ಓದುವವರು ಭಾವಿಸಬಾರದು. ಕಪ್ಪು ಕಂಡಿದ್ದರೆ ಎಂದೋ ವೈದ್ಯರಲ್ಲಿಗೆ ಹೋಗುತ್ತಿದ್ದೆ. ಅಲ್ಲಿ ಕಾಣುತ್ತಿದ್ದದ್ದು ಗೋಡೆ, ಮಾನಿಟರ್‌ನ ಚೌಕಟ್ಟು, ಹಸಿರು ಮೈದಾನ. ಏನಿರಬೇಕಿತ್ತೋ ಅದು. ಅಮಾರೊ ಸಿಡ್ನಿಯಲ್ಲಿ ಆಡುತ್ತಿದ್ದಷ್ಟು ಕಾಲ ಏನಿರಬೇಕಿತ್ತೋ ಅದೇ ಅಲ್ಲಿ ಇರುತ್ತಿತ್ತು, ಹಾಗಾಗಿ ನನ್ನ ದಾಖಲೆ ಸರಿಯಾಗಿತ್ತು. ಅವನು ಕ್ಲಬ್ ಬದಲಿಸಿ ಆಟದ ರೂಢಿ ಬದಲಿಸಿದ. ನನ್ನ ಕೈ ಬದಲಿಸಲಿಲ್ಲ.

ಮನೆಗೆ ಹತ್ತಿರದ ಡ್ಯಾಂಡಿನಾಂಗ್‌ನ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ತೋರಿಸಿದೆ. ಕಣ್ಣಿನ ಒತ್ತಡ ನಾರ್ಮಲ್ ಇತ್ತು. ಅಕ್ಷರಗಳ ಕೊನೆಯ ಸಾಲನ್ನೂ ಓದಿದೆ. ನಂತರ ನೋಟದ ಹರವನ್ನು ಅಳೆಯುವ ಫೀಲ್ಡ್ ಟೆಸ್ಟ್. ಗದ್ದವನ್ನು ಒಂದು ಬಟ್ಟಲಿನಂಥ ಯಂತ್ರದ ಮುಂದೆ ಊರಿ, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಸಣ್ಣ ಬೆಳಕು ಮಿಣುಕಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ನನಗೆ ನಗು ಬಂತು. ಒಂದನ್ನೇ ನೋಡುತ್ತ ಗುಂಡಿ ಒತ್ತುವುದು ನನ್ನ ಹೊಟ್ಟೆಪಾಡೇ ಆಗಿತ್ತು.

ಒತ್ತಿದೆ. ಬೆಳಕಿಗೂ ಬೆಳಕಿಗೂ ನಡುವೆ ಎಷ್ಟು ಬಿಡುವು ಎಂದು ಕೈಗೆ ಬೇಗ ಗೊತ್ತಾಯಿತು. ಕೈ ಹೊರಟುಬಿಡುತ್ತಿತ್ತು. ಪರೀಕ್ಷೆ ಮಾಡಿದ ಹುಡುಗಿ ಕಾಗದ ನೋಡಿ ಹುಬ್ಬು ಗಂಟಿಕ್ಕಿದಳು. ಬೆಳಕಿಲ್ಲದಾಗಲೂ ನಾನು ಒತ್ತಿದ್ದೇನೆ, ಹಾಗಾಗಿ ಯಂತ್ರ ಈ ಫಲಿತಾಂಶವನ್ನು ನಂಬುವುದಿಲ್ಲ ಎಂದಳು. ದಣಿದಿರಬಹುದು, ಮೊದಲ ಸಲ ಹೀಗಾಗುವುದು ಸಾಮಾನ್ಯ, ಆರು ತಿಂಗಳು ಬಿಟ್ಟು ಬನ್ನಿ ಎಂದಳು.

ಅನುಮಾನವಿದ್ದ ಸುದ್ದಿಯನ್ನು ಎರಡನೇ ಮೂಲದಿಂದ ಖಚಿತಪಡಿಸಿಕೊಳ್ಳದೆ ಪುಟಕ್ಕೆ ಹಾಕಬಾರದೆಂದು ಹೊಸಬರಿಗೆ ಹೇಳಿಕೊಟ್ಟವಳು ನಾನು. ಅಂದು ಒಂದೇ ಮೂಲ ಸಾಕೆನಿಸಿತು. "ದಣಿವಂತೆ" ಎಂದು ಗಿರೀಶನಿಗೆ ಫೋನ್ ಮಾಡಿದೆ. ಅವನು ಬರುವಾಗ ಜಾಮೂನು ತಂದ.

ಆ ಆರು ತಿಂಗಳು ಅಡುಗೆಮನೆಯ ಮೇಲಿನ ಕಪಾಟಿನ ಬಾಗಿಲಿಗೆ ಹಣೆ ಬಡಿದುಕೊಳ್ಳುತ್ತಲೇ ಇದ್ದೆ. ಮಗಳು ಅನಿಕಾ, "ಅಮ್ಮಾ, ಇಟ್ಸ್ ರೈಟ್ ದೇರ್!" ಎನ್ನುತ್ತಿದ್ದಳು. ನಿಲ್ದಾಣದಲ್ಲಿ ಮೇಲೆ ತೂಗುಹಾಕಿದ ಫಲಕ ಓದದೆ ಬೇರೆ ಪ್ಲಾಟ್‌ಫಾರ್ಮ್‌ಗೆ ಹೋದೆ. ಒಂದು ಬೆಳಿಗ್ಗೆ ಅನಿಕಾಳನ್ನು ಶಾಲೆಗೆ ಬಿಡುವಾಗ ಸಿಗ್ನಲ್ ಕೆಂಪಾದದ್ದು ಕಾಣದೆ ಕಾರು ಮುಂದಕ್ಕೆ ಬಿಟ್ಟೆ. ಅವಳು ಕಿರುಚಿದಳು. ಯಾರಿಗೂ ಏನೂ ಆಗಲಿಲ್ಲ. ಅಂದೇ ಜಿಪಿಯ, ಅಂದರೆ ನಮ್ಮ ಮನೆವೈದ್ಯರ, ಬಳಿ ಹೋಗಿ ಸಿಟಿಯ ಕಣ್ಣಿನ ತಜ್ಞರಿಗೆ ಚೀಟಿ ಬರೆಸಿಕೊಂಡೆ.

ತಜ್ಞರ ವೇಟಿಂಗ್ ರೂಮಿನಲ್ಲಿ ನನ್ನಷ್ಟು ಚಿಕ್ಕವರು ಯಾರೂ ಇರಲಿಲ್ಲ. ಪಕ್ಕದಲ್ಲಿದ್ದ ಶ್ರೀಲಂಕಾದ ಆಂಟಿಯೊಬ್ಬರು, "ಅಮ್ಮನನ್ನು ಕರೆದುಕೊಂಡು ಬಂದೆಯಾ?" ಎಂದು ಇಂಗ್ಲಿಷ್‌ನಲ್ಲಿ ಕೇಳಿದರು. ಇಲ್ಲ, ನನಗೇ ಎಂದೆ. ಅವರು ಚೀಲದಿಂದ ಒಂದು ಶುಂಠಿ ಪೆಪ್ಪರ್‌ಮೆಂಟ್ ತೆಗೆದು ನನ್ನ ಅಂಗೈಯಲ್ಲಿಟ್ಟರು. ಅಲ್ಲಿ ಎಲ್ಲರ ಕಣ್ಣಿಗೂ ಪಾಪೆ ಹಿಗ್ಗಿಸುವ ಹನಿ ಹಾಕಿರುತ್ತಾರೆ. ಯಾರಿಗೂ ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲ. ಅಳಬೇಕೆನ್ನುವವರಿಗೆ ಒಳ್ಳೆಯ ಜಾಗ.

ಅಲ್ಲಿಯೂ ಮೊದಲ ಪರೀಕ್ಷೆಯನ್ನು ಯಂತ್ರ ನಂಬಲಿಲ್ಲ. ಪರೀಕ್ಷೆ ಮಾಡಿದಾತ ನಡುವಯಸ್ಸಿನ ವಿಯೆಟ್ನಾಮಿ, ನೀವು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದ. ಹೇಳಿದೆ.

"ಹಾಗಾದರೆ ನೀವು ಗೆಲ್ಲಲು ನೋಡುತ್ತಿದ್ದೀರಿ," ಎಂದ. "ಇಲ್ಲಿ ಗೆಲ್ಲುವುದು ಬೇಡ. ಕಂಡರೆ ಮಾತ್ರ ಒತ್ತಿ. ತುಂಬ ಹೊತ್ತು ಏನೂ ಕಾಣದಿದ್ದರೂ ಸುಮ್ಮನೆ ಕೂತಿರಿ."

ಮತ್ತೆ ಗದ್ದ ಊರಿದೆ. ಬೆರಳನ್ನು ಗುಂಡಿಯಿಂದ ಸ್ವಲ್ಪ ಮೇಲಕ್ಕೆತ್ತಿ ಹಿಡಿದೆ. ಬೆಳಕು ಬಂತು, ಒತ್ತಿದೆ. ಬಂತು, ಒತ್ತಿದೆ. ಆಮೇಲೆ ಬರಲಿಲ್ಲ. ಯಂತ್ರ ಒಳಗೆ ಸಣ್ಣದಾಗಿ ಟಕ್ ಟಕ್ ಎನ್ನುತ್ತಲೇ ಇತ್ತು. ಅಂದರೆ ಬೆಳಕುಗಳು ಬರುತ್ತಲೇ ಇದ್ದವು, ನನ್ನ ಪಾಲಿಗೆ ಮಾತ್ರ ಇರಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ತಿಳಿಯದು. ವೈದ್ಯರು ಬಾಯಿಬಿಡುವ ಮೊದಲೇ, ಆ ಬಟ್ಟಲಿನ ಮುಂದೆಯೇ ನನಗೆ ವಿಷಯ ತಿಳಿದಿತ್ತು.

ಗ್ಲಾಕೋಮಾ. ಒತ್ತಡ ನಾರ್ಮಲ್ ಇದ್ದೂ ನರ ಸಾಯುವ ಬಗೆಯದು. ಎರಡೂ ಕಣ್ಣಿನ ನೋಟದ ಮೇಲರ್ಧ ಹೋಗಿತ್ತು, ಎಡಗಣ್ಣಿನಲ್ಲಿ ಹೆಚ್ಚು. ಕಾಗದದಲ್ಲಿ ಮಧ್ಯಗೆರೆಯ ಮೇಲೆ, ನನಗೆ ಕಾಣದ ಬೆಳಕುಗಳ ಜಾಗದಲ್ಲೆಲ್ಲ ಕಪ್ಪು ಚುಕ್ಕೆಗಳಿದ್ದವು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಲು ಪ್ರಯತ್ನಿಸಬಹುದು ಎಂದರು ವೈದ್ಯೆ. ಆರು ತಿಂಗಳ ಹಿಂದೆಯೇ ಬಂದಿದ್ದರೆ? ಗೊತ್ತಿಲ್ಲ, ಅದನ್ನು ಹೇಳಲು ಯಾರಿಗೂ ಸಾಧ್ಯವಿಲ್ಲ ಎಂದರು. ಕಾರು ಓಡಿಸುವಂತಿಲ್ಲ, ಇವತ್ತಿನಿಂದಲೇ ಎಂದರು.

ಕಾರ್ ಪಾರ್ಕ್‌ನಲ್ಲಿ ಗಿರೀಶ ಕೀಲಿ ತಿರುಗಿಸದೆ ಕೂತಿದ್ದ.

"ಈಗೆಲ್ಲಾದಕ್ಕೂ ಟ್ರೀಟ್‌ಮೆಂಟ್ ಇದೆ ಮಾಲಾ. ನಾನಿದೀನಲ್ಲ."

"ನೀನು ವಾರಕ್ಕೆ ಮೂರು ದಿನ ಸಿಟೀಲಿರ್ತೀಯ. ಅನಿಕಾನ ಸ್ಕೂಲಿಂದ ಯಾರು ಕರ್ಕೊಂಡು ಬರ್ತಾರೆ?"

"ಅದು ನೋಡೋಣ."

"ನೋಡೋಣ ಅನ್ನೋ ಮಾತು ಬಿಟ್ಟು ಬೇರೆ ಏನಾದ್ರೂ ಹೇಳು ಗಿರೀಶ."

ಅವನು ಸ್ಟಿಯರಿಂಗ್ ಮೇಲೆ ಹಣೆಯಿಟ್ಟ. ಹದಿನೈದು ವರ್ಷದ ಸಂಸಾರದಲ್ಲಿ ಅವನು ಅತ್ತದ್ದನ್ನು ಅಂದೇ ನೋಡಿದ್ದು. ನಾನು ಅಳಲಿಲ್ಲ. ಅವನ ಬೆನ್ನ ಮೇಲೆ ಕೈಯಿಡಬೇಕಿತ್ತು, ಇಡಲಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಅಳಲು ಪುರುಸೊತ್ತಿದೆಯಲ್ಲ ಎಂದು ಸಿಟ್ಟು ಬಂದಿತ್ತು.

ಧಾರವಾಡದಲ್ಲಿ ಅಣ್ಣನ ಮನೆಯಲ್ಲಿರುವ ಅವ್ವನಿಗೆ ಫೋನ್ ಮಾಡಿದೆ. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ವೈದ್ಯೆ ಕೇಳಿದ್ದರು.

"ನಮ್ಮ ಮನ್ಯಾಗ ಯಾರಿಗೂ ಇಲ್ಲವಾ," ಎಂದಳು ಅವ್ವ. ಆಮೇಲೆ, "ನಿಮ್ಮಪ್ಪಾರು ಕಡೀ ಕಡೀಗೆ ಬಾಗಲಕ್ಕ ತಲಿ ಬಡಕೋತಿದ್ರಲ್ಲ, ನೆನಪೈತೇನ? ಎತ್ತರ ಮನಶ್ಯಾ, ತಲಿ ಬಗ್ಗಸೂದಿಲ್ಲಂತ ನಾವೆಲ್ಲಾ ನಗತಿದ್ವಿ," ಎಂದಳು.

ನೆನಪಿತ್ತು. ಹೆಚ್ಚು ನಗುತ್ತಿದ್ದವಳು ನಾನೇ.

"ಅಷ್ಟ ದೂರ ಕೂತು ಟಿವಿ ನೋಡೂ ಕೆಲಸ ಅದೆಂಥಾದ್ದವಾ? ಬಿಟ್ಟಬಿಡು," ಎಂದು ಅವ್ವ ಫೋನ್ ಇಟ್ಟಳು. ಬಂಧುಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಂದಿನಿಂದ ಕ್ಯಾರೆಟ್ ರಸ, ಹೊನಗನ್ನೆ ಸೊಪ್ಪು, ತ್ರಿಫಲದ ನೀರಿನ ಸಲಹೆಗಳು ಶುರುವಾದವು. ಗಿರೀಶ ಕ್ಯಾರೆಟ್ ತಂದ. ಫ್ರಿಜ್‌ನ ಕೆಳಗಿನ ಡಬ್ಬದಲ್ಲಿಟ್ಟ, ಮೇಲಿಟ್ಟರೆ ನನಗೆ ಕಾಣುವುದಿಲ್ಲವೆಂದು. ಆ ಒಂದು ಕಾರಣಕ್ಕೆ ತಿಂದೆ.

ಆಫೀಸಿನಲ್ಲಿ ರವೂಫ್ ತನ್ನಿಂದಾದದ್ದನ್ನು ಮಾಡಿದ. ದೊಡ್ಡ ಮಾನಿಟರ್ ತರಿಸಿ ಮೇಜಿಗಿಂತ ತಗ್ಗಿನಲ್ಲಿ ಇಡಿಸಿದ. "ಈಗ ಮೈದಾನ ಪೂರ್ತಿ ನಿಮ್ಮ ಕೆಳಗೇ ಉಂಟು ಅಕ್ಕ, ಹೆಲಿಕಾಪ್ಟರ್‌ನಲ್ಲಿ ಕೂತ ಹಾಗೆ," ಎಂದ. ಅವನಿಗೆ ಹೇಗೆ ಹೇಳುವುದು? ಪರದೆಯನ್ನು ಕೆಳಗಿಟ್ಟರೆ ಕಣ್ಣು ಕೆಳಗಿಳಿಯುತ್ತದೆ, ಇಲ್ಲದ ಭಾಗವೂ ಕಣ್ಣಿನ ಜೊತೆಗೇ ಇಳಿಯುತ್ತದೆ. ಎರಡು ಪಂದ್ಯ ಪ್ರಯತ್ನಿಸಿದೆ. ಮೂರನೆಯದಕ್ಕೆ ಅಮಾರೊನನ್ನು ಬೇರೆಯವರಿಗೆ ಕೊಡು ಎಂದು ನಾನೇ ಹೇಳಿದೆ. ನಿಲ್ಲಿಸಿದ ಚಿತ್ರಗಳನ್ನು ಪರಿಶೀಲಿಸುವ ಕೆಲಸ ಕೆಲವು ತಿಂಗಳು ನಡೆಯಿತು. ವರ್ಷ ಮುಗಿದ ಮೇಲೆ ಒಪ್ಪಂದ ಮುಂದುವರಿಯಲಿಲ್ಲ. ಯಾರ ತಪ್ಪೂ ಇರಲಿಲ್ಲ.

ವೈದ್ಯೆ ಕೊಟ್ಟ ಹನಿಗಳಿಂದ ಎಡಗಣ್ಣಿನ ನೋಟ ಇಳಿಯುವುದು ನಿಲ್ಲಲಿಲ್ಲ. 2025ರ ಆರಂಭದಲ್ಲಿ ಅದಕ್ಕೆ ಆಪರೇಷನ್ ಆಯಿತು. ಎಚ್ಚರವಿರುತ್ತದೆ. ಮುಖದ ಮೇಲೆ ಬಟ್ಟೆ ಹೊದಿಸಿ ಕಣ್ಣಿಗೊಂದು ಕಿಂಡಿ ಬಿಡುತ್ತಾರೆ. ಅಲುಗಾಡಬೇಡಿ ಎಂದು ಸರ್ಜನ್ ಎರಡು ಸಲ ಹೇಳಿದರು. ನಾನು ಅಲುಗುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ. ಬಟ್ಟೆಯ ಕೆಳಗಿನಿಂದ ಯಾರೋ ನನ್ನ ಕೈ ಹಿಡಿದರು. ನರ್ಸ್. ಮುಗಿಯುವವರೆಗೂ ಬಿಡಲಿಲ್ಲ. ತನ್ನ ನಾಯಿ ಪಕ್ಕದ ಮನೆಯವರ ಕಾಲುಚೀಲ ಕದ್ದು ತರುವ ಕಥೆ ಹೇಳುತ್ತಿದ್ದಳು. ಅವಳ ಮುಖ ನಾನು ನೋಡಲಿಲ್ಲ. ಇಡೀ ಕಾಯಿಲೆಯಲ್ಲಿ ನನಗೆ ಸಿಕ್ಕ ಅತ್ಯಂತ ದೊಡ್ಡ ಉಪಕಾರ ಆ ಕೈ.

ಆಮೇಲಿನ ವಾರಗಳ ಬಗ್ಗೆ ಬರೆಯುವುದು ಕಡಿಮೆಯಿದೆ. ಬಗ್ಗಬಾರದು, ಭಾರ ಎತ್ತಬಾರದು, ತಲೆಸ್ನಾನ ಮಾಡಬಾರದು. ಗಿರೀಶ ಹನಿ ಹಾಕುವಾಗ ಅರ್ಧ ಕೆನ್ನೆಗೇ ಬೀಳುತ್ತಿತ್ತು. ಅನಿಕಾ ನನ್ನೊಂದಿಗೆ ನಡೆಯುವಾಗ ಮಾತಾಡುವುದನ್ನು ನಿಲ್ಲಿಸಿ ಬರೀ "ಬ್ರಾಂಚ್," "ಸೈನ್," "ಸ್ಟೆಪ್" ಎನ್ನತೊಡಗಿದ್ದಳು. ಶಾಲೆಯಲ್ಲಿ ಏನಾಯಿತೆಂದು ಹೇಳುವುದು ನಿಂತುಹೋಗಿತ್ತು. ಮಧ್ಯಾಹ್ನಗಳಲ್ಲಿ ನಾನು ಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಒಂದೊಂದೇ ಕಣ್ಣು ಮುಚ್ಚಿ ಬೇಲಿಯನ್ನು ನೋಡುತ್ತಿದ್ದೆ, ಎಷ್ಟು ಹಲಗೆ ಕಾಣುತ್ತವೆಂದು. ಮಾಡಬೇಡಿ ಎಂದು ವೈದ್ಯೆ ಹೇಳಿದ್ದರು. ದಿನವೂ ಮಾಡಿದೆ. ಉಳಿದದ್ದೆಲ್ಲ ಹೋಗುವ ಮೊದಲೇ ಸತ್ತರೆ ಸಾಕೆಂದು ಯೋಚಿಸಿದ ಮಧ್ಯಾಹ್ನಗಳಿದ್ದವು. ಅದನ್ನು ಗಿರೀಶನಿಗೆ ಹೇಳಿಲ್ಲ. ಜಿಪಿಗೆ ಹೇಳಿದೆ. ಅವರು ಒಬ್ಬ ಕೌನ್ಸಿಲರ್‌ನ ಬಳಿ ಕಳಿಸಿದರು. ಈಗಲೂ ಹೋಗುತ್ತಿದ್ದೇನೆ.

ಮಾರ್ಚ್‌ನಲ್ಲಿ ಅಮಾರೊನ ಕ್ಲಬ್ ಒಂದು ಶಾಪಿಂಗ್ ಸೆಂಟರ್‌ನಲ್ಲಿ ಅಭಿಮಾನಿಗಳಿಗೆ ಆಟಗಾರರ ಭೇಟಿ ಇಟ್ಟುಕೊಂಡಿತ್ತು. ರವೂಫ್ ಕಾರಿನಲ್ಲಿ ಕರೆದೊಯ್ದ. ಆ ಹೊತ್ತಿಗೆ ಅಮಾರೊ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬೆಂಚಿನ ಮೇಲೆಯೇ ಹೆಚ್ಚು ಕೂರುತ್ತಿದ್ದ. ಅವನ ಮುಂದಿನ ಸಾಲು ಎಲ್ಲಕ್ಕಿಂತ ಚಿಕ್ಕದು. ಅಷ್ಟು ವರ್ಷ ಪರದೆಯಲ್ಲಿ ನೋಡಿದವನು ಎದುರಿಗೆ ಕುಳ್ಳಗೆ ಕಂಡ. ಕಿವಿಯ ಬಳಿ ಕೂದಲು ನರೆತಿತ್ತು.

"ಹಸ್ತಾಕ್ಷರ ಎಲ್ಲಿ ಬೇಕು?" ಎಂದ.

ಹಸ್ತಾಕ್ಷರ ಬೇಡ, ಒಂದು ಪ್ರಶ್ನೆ ಇದೆ ಎಂದೆ. ಮೆಲ್ಬರ್ನ್‌ಗೆ ಬಂದ ಮೇಲೆ ಎಡ ಅಂಚಿಗೆ ಉದ್ದ ಪಾಸ್ ಕೊಡುವುದನ್ನು ಯಾಕೆ ಬಿಟ್ಟಿರಿ?

ಅವನು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದ. "ಇದನ್ನು ಕೋಚ್ ಕೂಡ ಕೇಳಲಿಲ್ಲ," ಎಂದು ನಕ್ಕ. ಅವನ ಇಂಗ್ಲಿಷ್ ನಿಧಾನವಾಗಿತ್ತು. "ಸಿಡ್ನಿಯಲ್ಲಿ ಆ ಹುಡುಗ ಅಲ್ಲಿ ಇರುತ್ತಾನೆಂದು ಗೊತ್ತಿತ್ತು. ನೋಡದೆಯೇ ಕೊಡುತ್ತಿದ್ದೆ. ಇಲ್ಲಿ ಬೇರೆ ಹುಡುಗ. ನೋಡಬೇಕು. ನಾನು ನೋಡಿ ಮುಗಿಸುವಷ್ಟರಲ್ಲಿ ತಡವಾಗಿರುತ್ತದೆ. ವಯಸ್ಸು, ಮೇಡಂ." ಆಮೇಲೆ ಕೇಳಿದ, "ನೀವು ಕೋಚಾ?"

"ಇಲ್ಲ. ನಿಮ್ಮ ಪಾಸ್‌ಗಳನ್ನು ಎಣಿಸುತ್ತಿದ್ದೆ."

"ಪಾಪ ನೀವು," ಎಂದ. ರವೂಫ್ ಜೋರಾಗಿ ನಕ್ಕ. ನಾನೂ ನಕ್ಕೆ. ತಿರುಗಿ ಹೊರಡುವಾಗ ಹೊರಹೋಗುವ ದಾರಿಗೆ ಅಡ್ಡಲಾಗಿ ಕಟ್ಟಿದ್ದ ಬ್ಯಾನರ್‌ನ ಹಗ್ಗ ನನ್ನ ಹಣೆಗೆ ಸಿಕ್ಕಿ ಒಂದು ಬದಿ ಕಳಚಿ ಬಿತ್ತು. ಅಮಾರೊ ಎದ್ದು, ಕುಂಟುತ್ತ ಬಂದು ಅದನ್ನು ಎತ್ತಿ ಹಿಡಿದ. ನಾನು ಹೊರಗೆ ದಾಟುವವರೆಗೂ ಹಿಡಿದೇ ನಿಂತಿದ್ದ ಎಂದು ರವೂಫ್ ಕಾರಿನಲ್ಲಿ ಹೇಳಿದ.

ಸೀಸನ್ ಮುಗಿದ ಮೇಲೆ ಅಮಾರೊ ನಿವೃತ್ತಿ ಘೋಷಿಸಿದ. ಪತ್ರಿಕೆಗಳಲ್ಲಿ ಅದು ಸಣ್ಣ ಸುದ್ದಿ. ಕ್ಲಬ್ ಒಂದು ವಿಡಿಯೊ ಹಾಕಿತು. ಅನಿಕಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ಮೇಲ್ಗಡೆ ಏನಾಗುತ್ತದೆಂದು ಹೇಳು ಎಂದೆ. ಮೊದಲ ಎರಡು ಪಾಸ್‌ಗೆ ಹೇಳಿದಳು. ಮೂರನೆಯದಕ್ಕೆ, "ಅಮ್ಮಾ, ಐ ಡೋಂಟ್ ವಾಂಟ್ ಟು," ಎಂದು ಎದ್ದು ತನ್ನ ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡಳು. ಅಮಾರೊ ಕುಟುಂಬದೊಂದಿಗೆ ತನ್ನ ದೇಶಕ್ಕೆ ಮರಳಿದ್ದಾನೆ. ಅಲ್ಲಿ ಮಕ್ಕಳ ತಂಡವೊಂದಕ್ಕೆ ತರಬೇತಿ ಕೊಡುತ್ತಿದ್ದಾನೆಂದು ರವೂಫ್ ಹೇಳಿದ. ಇದನ್ನು ಬೇರೆ ಮೂಲದಿಂದ ಖಚಿತಪಡಿಸಿಕೊಂಡಿಲ್ಲ.

ಆಪರೇಷನ್ ಆದ ಎಡಗಣ್ಣಿನಲ್ಲಿ ಈಗ ಕೆಳಗಿನ ಒಂದು ಪಟ್ಟಿಯಷ್ಟು ನೋಟ ಉಳಿದಿದೆ. ಓದುವುದು, ಬರೆಯುವುದು, ಮುಖ ಗುರುತಿಸುವುದು ಎಲ್ಲವೂ ಬಲಗಣ್ಣಿನಿಂದ. ಕಳೆದ ಪರೀಕ್ಷೆಯವರೆಗೆ ಅದರ ಕೆಳಗಿನರ್ಧ ಪೂರ್ತಿ ಚೆನ್ನಾಗಿತ್ತು. ಅದು ಹಾಗೇ ಇದ್ದರೆ ಬದುಕು ನಡೆಯುತ್ತದೆ ಎಂದು ವೈದ್ಯೆ ಹೇಳಿದ್ದರು.

ಹೋದ ಶುಕ್ರವಾರ ಬಲಗಣ್ಣಿನ ಪರೀಕ್ಷೆ ಮತ್ತೆ ನಡೆಯಿತು. ಅದೇ ವಿಯೆಟ್ನಾಮಿ ಮಾಡಿದ. ಫಲಿತಾಂಶ ನಂಬಲರ್ಹವೆಂದು ಕಾಗದದ ಮೇಲಿತ್ತು. ಮಧ್ಯಗೆರೆಯ ಕೆಳಗೆ ಮೂರು ಹೊಸ ಚುಕ್ಕೆಗಳು ಕಪ್ಪಾಗಿವೆ.